ಒಬ್ಬರು ಕೇಳಬೇಕು, ಇನ್ನೊಬ್ಬರು ನೋಡಬೇಕು

ಮಲೇರಿಯಾ ಬಂದಿದೆಯೇ ಎಂದು ತಿಳಿಯಲು ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಸೂಕ್ಷ್ಮದರ್ಶಕದಡಿ ಇಟ್ಟರೆ ಪರೋಪಜೀವಿ ಕಣ್ಣಿಗೆ ಬೀಳುತ್ತದೆ. ಸಕ್ಕರೆ ಕಾಯಿಲೆಗೆ ರಕ್ತದಲ್ಲಿನ ಗ್ಲೂಕೋಸ್ ಅಳೆದರಾಯಿತು. ಮೂಳೆ ಮುರಿದಿದ್ದರೆ ಎಕ್ಸ್-ರೇ ಹೇಳುತ್ತದೆ. ಆದರೆ ಹೀಗೆ ಒಂದೇ ಪರೀಕ್ಷೆಯಿಂದ ಹೌದು ಅಥವಾ ಅಲ್ಲ ಎಂದು ತೀರ್ಪು ಕೊಡಲಾಗದ ಕಾಯಿಲೆಗಳೂ ಇವೆ. ಅಂಥವುಗಳಲ್ಲಿ ಒಂದು ಮಲ್ಟಿಪಲ್ ಸ್ಕ್ಲಿರೋಸಿಸ್. ವೈದ್ಯರು ಚುಟುಕಾಗಿ ಇದನ್ನು ಎಂ.ಎಸ್. ಎನ್ನುತ್ತಾರೆ.

ಇದು ಮುಪ್ಪಿನ ಕಾಯಿಲೆಯಲ್ಲ. ಹೆಚ್ಚಾಗಿ ಕಾಣಿಸಿಕೊಳ್ಳುವುದು 20ರಿಂದ 40ರೊಳಗಿನ ವಯಸ್ಸಿನಲ್ಲಿ. ಓದು ಮುಗಿಸುವ, ಕೆಲಸಕ್ಕೆ ಸೇರುವ, ಮದುವೆಯಾಗುವ ಕಾಲವದು. ಪುರುಷರಿಗಿಂತ ಹೆಂಗಸರಲ್ಲಿ ಎರಡರಿಂದ ಮೂರು ಪಟ್ಟು ಹೆಚ್ಚು. ಇಂಥ ವಯಸ್ಸಿನವರಲ್ಲಿ ರೋಗ ಇದ್ದೂ ಗುರುತಿಸದೆ ಹೋದರೆ ಮಿದುಳಿಗೆ ಆಗುವ ಹಾನಿ ಮರಳಿ ಸರಿಹೋಗದು. ಇಲ್ಲದ ರೋಗವನ್ನು ಇದೆ ಎಂದುಬಿಟ್ಟರೆ ವರ್ಷಗಟ್ಟಲೆ ಬೇಡದ ಚುಚ್ಚುಮದ್ದು, ಬೇಡದ ಖರ್ಚು, ಬೇಡದ ಭಯ. ಎರಡೂ ತಪ್ಪುಗಳು ದುಬಾರಿಯೇ.

ಈ ಎರಡು ತಪ್ಪುಗಳನ್ನು ತಪ್ಪಿಸಲು ಆಸ್ಪತ್ರೆಯಲ್ಲಿ ಇಬ್ಬರು ತಜ್ಞರು ಕೈಜೋಡಿಸಬೇಕಾಗುತ್ತದೆ. ಒಬ್ಬರು ರೋಗಿಯ ಮಾತು ಕೇಳಿ ಕೈಕಾಲು, ಕಣ್ಣು ಪರೀಕ್ಷಿಸುವ ನರರೋಗ ತಜ್ಞರು. ಇನ್ನೊಬ್ಬರು ಮಿದುಳಿನ ಚಿತ್ರ ತೆಗೆಸಿ ಅದನ್ನು ಓದುವ ರೇಡಿಯಾಲಜಿ ತಜ್ಞರು. ಎಷ್ಟೋ ಬಾರಿ ರೋಗಿ ಈ ಎರಡನೆಯವರ ಮುಖವನ್ನೇ ನೋಡಿರುವುದಿಲ್ಲ. ಆದರೂ ಅವರಿಬ್ಬರ ನಡುವೆ ಮಾತುಕತೆ ಎಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದರ ಮೇಲೆ ರೋಗಿಯ ಮುಂದಿನ ಬದುಕು ನಿಂತಿರುತ್ತದೆ.

ತಂತಿಯ ಹೊದಿಕೆ ಹರಿದಾಗ

ಮನೆಯ ವಿದ್ಯುತ್ ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನು ಎಲ್ಲರೂ ನೋಡಿದ್ದಾರೆ. ನಮ್ಮ ಅನೇಕ ನರತಂತುಗಳ ಸುತ್ತಲೂ ಅಂಥದೇ ಒಂದು ಹೊದಿಕೆ ಇದೆ. ಕೊಬ್ಬು ಮತ್ತು ಪ್ರೋಟೀನಿನಿಂದಾದ ಇದರ ಹೆಸರು ಮೈಲಿನ್. ಆದರೆ ತಂತಿಯ ಪ್ಲಾಸ್ಟಿಕ್ಕಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಮೈಲಿನ್ ಉದ್ದಕ್ಕೂ ಒಂದೇ ಸಮನೆ ಇರದೆ ನಡುನಡುವೆ ಸಣ್ಣ ಬಿಡುವುಗಳನ್ನು ಬಿಟ್ಟಿರುತ್ತದೆ. ಫ್ರಾನ್ಸಿನ ಲೂಯಿ ರಾನ್ವಿಯೆ ಎಂಬ ವಿಜ್ಞಾನಿ 1870ರ ದಶಕದಲ್ಲಿ ಇವನ್ನು ವಿವರಿಸಿದ್ದರಿಂದ ಇವುಗಳಿಗೆ ರಾನ್ವಿಯೆ ಗಿಣ್ಣುಗಳೆಂದೇ ಹೆಸರು. ನರಸಂದೇಶ ಈ ಗಿಣ್ಣಿನಿಂದ ಆ ಗಿಣ್ಣಿಗೆ ನೆಗೆಯುತ್ತಾ ಸಾಗುತ್ತದೆ. ಹೊದಿಕೆಯಿಲ್ಲದ ತೆಳು ತಂತುವಿನಲ್ಲಿ ಸಂದೇಶದ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. ದಪ್ಪ ಹೊದಿಕೆಯ ತಂತುವಿನಲ್ಲಿ ಅದು ಸೆಕೆಂಡಿಗೆ 100 ಮೀಟರನ್ನೂ ಮುಟ್ಟುತ್ತದೆ.

ಎಂ.ಎಸ್. ಬಂದಾಗ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳಲ್ಲಿನ ಮೈಲಿನ್ ಮೇಲೆ ದಾಳಿ ಮಾಡುತ್ತದೆ. ದಾಳಿಯಾದ ಜಾಗದಲ್ಲಿ ಊತ ಬರುತ್ತದೆ, ಹೊದಿಕೆ ಕಳಚುತ್ತದೆ, ಕೊನೆಗೆ ಗಡುಸಾದ ಕಲೆ ಉಳಿಯುತ್ತದೆ. ಹೀಗೆ ಹಲವು ಕಡೆ ಕಲೆಗಳಾಗುವುದರಿಂದಲೇ ಮಲ್ಟಿಪಲ್, ಅವು ಗಡುಸಾಗುವುದರಿಂದಲೇ ಸ್ಕ್ಲಿರೋಸಿಸ್.

ಕಲೆ ಎಲ್ಲಿ ಬಿತ್ತು ಎಂಬುದರ ಮೇಲೆ ತೊಂದರೆ ಬೇರೆಬೇರೆ. ಕಣ್ಣಿನ ನರದಲ್ಲಿ ಬಿದ್ದರೆ ಒಂದು ಕಣ್ಣು ಮಂಜಾಗುತ್ತದೆ, ಕಣ್ಣು ಹೊರಳಿಸಿದರೆ ನೋಯುತ್ತದೆ. ಬೆನ್ನುಹುರಿಯಲ್ಲಾದರೆ ಕಾಲು ಜೋಮು ಹಿಡಿಯುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ಕಿರುಮಿದುಳಿನಲ್ಲಾದರೆ ನಡಿಗೆ ತೂರಾಡುತ್ತದೆ. ಇನ್ನೊಂದು ವಿಚಿತ್ರವೆಂದರೆ, ಕೆಲವು ವಾರಗಳಲ್ಲಿ ಈ ತೊಂದರೆ ತಾನಾಗಿ ಕಡಿಮೆಯಾಗಿಬಿಡುವುದುಂಟು. ರೋಗಿ ವಾಸಿಯಾಯಿತೆಂದುಕೊಳ್ಳುತ್ತಾನೆ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಬೇರೆಲ್ಲೋ ಇನ್ನೊಂದು ದಾಳಿ.

ಸತ್ತ ಮೇಲೆ ಸಿಗುತ್ತಿದ್ದ ಉತ್ತರ

ಈ ಕಾಯಿಲೆಗೆ ಒಂದು ಸ್ಪಷ್ಟ ರೂಪ ಕೊಟ್ಟವರು ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಝಾನ್ ಮಾರ್ಟಿನ್ ಶಾರ್ಕೊ. 1868ರಲ್ಲಿ ಅವರು ಕೊಟ್ಟ ಉಪನ್ಯಾಸಗಳು ಪ್ರಸಿದ್ಧವಾದವು. ಶಾರ್ಕೊ ಒಂದು ಶಿಸ್ತನ್ನು ಪಾಲಿಸುತ್ತಿದ್ದರು. ರೋಗಿ ಬದುಕಿದ್ದಾಗ ಕಂಡ ಲಕ್ಷಣಗಳನ್ನು ಬರೆದಿಟ್ಟುಕೊಳ್ಳುವುದು, ಸತ್ತ ನಂತರ ಮಿದುಳು ಮತ್ತು ಬೆನ್ನುಹುರಿಯನ್ನು ಪರೀಕ್ಷಿಸುವುದು, ಎರಡನ್ನೂ ಹೋಲಿಸುವುದು. ಕೇಳುವ ಕಿವಿ ಮತ್ತು ನೋಡುವ ಕಣ್ಣು ಆಗ ಒಬ್ಬರಲ್ಲೇ ಇದ್ದವು. ಆದರೆ ಕಣ್ಣಿನ ಸರದಿ ಬರುವ ಹೊತ್ತಿಗೆ ರೋಗಿ ಇರುತ್ತಿರಲಿಲ್ಲ.

ಅದಕ್ಕೂ ಮೊದಲೇ, 1863ರಲ್ಲಿ, ಜರ್ಮನಿಯ ಎಡ್ವರ್ಡ್ ರಿಂಡ್‌ಫ್ಲೈಶ್ ಸೂಕ್ಷ್ಮದರ್ಶಕದಲ್ಲಿ ಒಂದು ಸಂಗತಿ ಗಮನಿಸಿದ್ದರು. ಈ ಕಲೆಗಳ ನಟ್ಟನಡುವೆ ಒಂದು ಸಣ್ಣ ರಕ್ತನಾಳ ಹಾದುಹೋಗಿರುತ್ತದೆ ಎಂಬುದು. ಈ ಮಾತನ್ನು ನೆನಪಿಟ್ಟುಕೊಳ್ಳಿ. ನೂರೈವತ್ತು ವರ್ಷ ಕಳೆದ ಮೇಲೆ ಇದು ಮತ್ತೆ ಕೆಲಸಕ್ಕೆ ಬಂದಿತು.

ಮುಂದಿನ ನೂರು ವರ್ಷ ನರರೋಗ ತಜ್ಞರು ಒಬ್ಬಂಟಿಗಳಾಗಿ ದುಡಿದರು. ಅವರ ಸಲಕರಣೆಗಳು ಸರಳ. ಮೊಣಕಾಲಿಗೆ ಬಡಿಯುವ ರಬ್ಬರ್ ಸುತ್ತಿಗೆ, ಕಣ್ಣಿನೊಳಗೆ ನೋಡುವ ದೀಪ, ಶಾಲೆಯ ಪ್ರಯೋಗಶಾಲೆಯಲ್ಲಿ ಇರುವಂಥ ಟ್ಯೂನಿಂಗ್ ಫೋರ್ಕ್. ಸೆಕೆಂಡಿಗೆ 128 ಬಾರಿ ಕಂಪಿಸುವ ಫೋರ್ಕನ್ನು ಕಾಲ್ಬೆರಳಿನ ಮೂಳೆಯ ಮೇಲಿಟ್ಟು ಕಂಪನ ಗೊತ್ತಾಗುತ್ತದೆಯೇ ಎಂದು ಕೇಳುತ್ತಾರೆ. ಗೊತ್ತಾಗದಿದ್ದರೆ ಬೆನ್ನುಹುರಿಯ ಹಿಂಭಾಗದ ಹಾದಿಯಲ್ಲೋ ಕಾಲಿನ ನರದಲ್ಲೋ ತೊಡಕಿದೆ ಎಂದು ಊಹಿಸುತ್ತಾರೆ. ಮೈ ಬಿಸಿಯಾದರೆ ಎಂ.ಎಸ್. ರೋಗಿಯ ತೊಂದರೆ ತಾತ್ಕಾಲಿಕವಾಗಿ ಹೆಚ್ಚುವುದನ್ನು ಜರ್ಮನಿಯ ಕಣ್ಣಿನ ವೈದ್ಯ ವಿಲ್‌ಹೆಲ್ಮ್ ಊಟ್‌ಹಾಫ್ 1890ರಲ್ಲಿ ವರದಿ ಮಾಡಿದ್ದರು. ಇದನ್ನೇ ಆಧಾರವಾಗಿಟ್ಟುಕೊಂಡು ಒಂದು ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಪರೀಕ್ಷಿಸುವುದೂ ಇತ್ತು. ಒಳಗೆ ಏನಾಗಿದೆ ಎಂದು ನೋಡುವ ದಾರಿ ಇಲ್ಲದಿದ್ದಾಗ ಇಂಥ ಉಪಾಯಗಳೇ ಗತಿ.

ಎಕ್ಸ್-ರೇ ಚಿತ್ರದಲ್ಲಿ ತಲೆಬುರುಡೆ ಕಾಣುತ್ತದೆ, ಮೆತ್ತನೆಯ ಮಿದುಳು ಕಾಣುವುದಿಲ್ಲ. ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಸ್ಕ್ಯಾನರಿನಲ್ಲಿ 1971ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಚಿತ್ರ ತೆಗೆಯಲಾಯಿತು. ಗೆಡ್ಡೆ, ರಕ್ತಸ್ರಾವ ಅದರಲ್ಲಿ ಚೆನ್ನಾಗಿ ಕಂಡವು. ಎಂ.ಎಸ್. ಕಲೆಗಳು ಮಾತ್ರ ಹೆಚ್ಚಿನಂಶ ಅಡಗಿಯೇ ಉಳಿದವು.

19 ಮತ್ತು 112

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ 1981ರಲ್ಲಿ ಚಿತ್ರ ಬದಲಾಯಿತು. ಕಾಂತಕ್ಷೇತ್ರ ಮತ್ತು ರೇಡಿಯೋ ಅಲೆಗಳಿಂದ ಮಿದುಳಿನ ಚಿತ್ರ ತೆಗೆಯುವ ಹೊಸ ಯಂತ್ರವನ್ನು ಹತ್ತು ಮಂದಿ ಎಂ.ಎಸ್. ರೋಗಿಗಳ ಮೇಲೆ ಪ್ರಯೋಗಿಸಿದರು. ಸಿ.ಟಿ.ಯಲ್ಲಿ ಕಂಡಿದ್ದ ಕಲೆಗಳು 19. ಹೊಸ ಯಂತ್ರ ಆ 19ನ್ನೂ ತೋರಿಸಿತು, ಅದರ ಮೇಲೆ ಇನ್ನೂ 112 ಕಲೆಗಳನ್ನು ತೋರಿಸಿತು. ಇವತ್ತು ನಾವು ಎಂ.ಆರ್.ಐ. ಎನ್ನುವ ಯಂತ್ರದ ಪೂರ್ವಜನೇ ಅದು.

ಈ ವರದಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಲೇಖಕರ ಪಟ್ಟಿ ನೋಡಿದರೆ ಈ ಲೇಖನದ ವಿಷಯವೇ ಕಣ್ಣಿಗೆ ಬೀಳುತ್ತದೆ. ಯಂತ್ರದ ಭೌತಶಾಸ್ತ್ರ ಗೊತ್ತಿದ್ದ ಇಯಾನ್ ಯಂಗ್, ರೇಡಿಯಾಲಜಿಯ ಗ್ರೇಮ್ ಬಿಡರ್ ಮತ್ತು ರಾಬರ್ಟ್ ಸ್ಟೈನರ್, ನರರೋಗ ತಜ್ಞರಾದ ಕ್ರಿಸ್ಟೋಫರ್ ಪ್ಯಾಲಿಸ್ ಮತ್ತು ಎನ್.ಜೆ. ಲೆಗ್. ಇವರಲ್ಲಿ ಪ್ಯಾಲಿಸ್ ಹುಟ್ಟಿದ್ದು ಮುಂಬೈಯಲ್ಲಿ. ರೋಗಿಗಳನ್ನು ಬಲ್ಲವರೂ ಚಿತ್ರವನ್ನು ಬಲ್ಲವರೂ ಒಟ್ಟಿಗೆ ಕುಳಿತಿರದಿದ್ದರೆ ಆ ಬಿಳಿ-ಕಪ್ಪು ಮಚ್ಚೆಗಳಿಗೆ ಅರ್ಥವೇ ಬರುತ್ತಿರಲಿಲ್ಲ.

ಎಂ.ಆರ್.ಐ. ಕೆಲಸ ಮಾಡುವ ಬಗೆಯನ್ನು ಪಿ.ಯು.ಸಿ. ವಿದ್ಯಾರ್ಥಿಗಳು ಸುಲಭವಾಗಿ ತಿಳಿಯಬಹುದು. ನಮ್ಮ ದೇಹದಲ್ಲಿ ನೀರು ಹೇರಳ. ನೀರಿನ ಅಣುವಿನಲ್ಲಿ ಹೈಡ್ರೋಜನ್ ಇದೆ, ಹೈಡ್ರೋಜನ್ನಿನ ನಡುವೆ ಪ್ರೋಟಾನ್ ಇದೆ. ಪ್ರತಿ ಪ್ರೋಟಾನೂ ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿ ಇವು ಬುಗುರಿಯಂತೆ ಓಲಾಡತೊಡಗುತ್ತವೆ. ಸಾಮಾನ್ಯವಾಗಿ ಆಸ್ಪತ್ರೆಗಳಲ್ಲಿರುವ ಯಂತ್ರಗಳು 1.5 ಅಥವಾ 3 ಟೆಸ್ಲಾ ಬಲದವು. 1.5 ಟೆಸ್ಲಾ ಎಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು ಮೂವತ್ತು ಸಾವಿರ ಪಟ್ಟು. ಓಲಾಟದ ಲಯಕ್ಕೆ ಸರಿಹೊಂದುವ ರೇಡಿಯೋ ಅಲೆಯನ್ನು ಕಳಿಸಿದರೆ ಪ್ರೋಟಾನ್‌ಗಳು ಶಕ್ತಿ ಹೀರಿ, ಅಲೆ ನಿಂತ ಮೇಲೆ ಅದನ್ನು ಮರಳಿಸುತ್ತವೆ. ಆ ಮರುದನಿಯನ್ನು ಹಿಡಿದು ಗಣಕಯಂತ್ರ ಚಿತ್ರ ಕಟ್ಟುತ್ತದೆ. 3 ಟೆಸ್ಲಾ ಯಂತ್ರದಲ್ಲಿ ಈ ಲಯ ಸೆಕೆಂಡಿಗೆ ಸುಮಾರು 128 ದಶಲಕ್ಷ ಆವರ್ತ. ನರರೋಗ ತಜ್ಞರ ಟ್ಯೂನಿಂಗ್ ಫೋರ್ಕಿನದು 128. ಇದು ಕಾಕತಾಳೀಯವೇ ಆದರೂ ಎರಡೂ ವಿಭಾಗಗಳನ್ನು ನೆನಪಿನಲ್ಲಿಡಲು ಒಳ್ಳೆಯ ಗುರುತು.

ಮೈಲಿನ್ ಕಳಚಿ ಊತ ಬಂದ ಜಾಗದಲ್ಲಿ ನೀರಿನ ಅಂಶ ಹೆಚ್ಚು. ಅಲ್ಲಿನ ಮರುದನಿ ಬೇರೆ ಬಗೆಯದು. ಅದಕ್ಕಾಗಿಯೇ ಚಿತ್ರದಲ್ಲಿ ಅದು ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ. ಈ ವಿಧಾನಕ್ಕೆ ಅಡಿಪಾಯ ಹಾಕಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ವ್ಯಾಂಕೂವರಿನ ಜೋಡಿ

ಇಬ್ಬರು ತಜ್ಞರ ಜೊತೆಗಾರಿಕೆಗೆ ಒಂದು ಒಳ್ಳೆಯ ಮಾದರಿ ಕೆನಡಾದಲ್ಲಿದೆ. ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಪೇಟಿ ನರರೋಗ ತಜ್ಞರು, ಡೇವಿಡ್ ಲೀ ರೇಡಿಯಾಲಜಿ ತಜ್ಞರು. 1980ರ ದಶಕದಲ್ಲಿ ಇವರ ತಂಡ ಒಂದು ಸರಳ ಪ್ರಶ್ನೆ ಹಾಕಿಕೊಂಡಿತು. ರೋಗಿಗೆ ಏನೂ ತೊಂದರೆ ಇಲ್ಲದ ದಿನಗಳಲ್ಲಿ ಒಳಗೆ ಏನು ನಡೆದಿರುತ್ತದೆ? ಅದೇ ರೋಗಿಗಳ ಚಿತ್ರವನ್ನು ಕೆಲವು ವಾರಗಳಿಗೊಮ್ಮೆ ತೆಗೆದು ಹೋಲಿಸಿದರು. ರೋಗಿ ಆರಾಮವಾಗಿದ್ದೇನೆ ಎನ್ನುತ್ತಿದ್ದಾಗಲೂ ಹೊಸ ಕಲೆಗಳು ಹುಟ್ಟುತ್ತಲೇ ಇದ್ದವು. ಹೊರಗೆ ಕಾಣುವ ಒಂದೊಂದು ದಾಳಿಗೆ ಒಳಗೆ ಐದು, ಹತ್ತು ಹೊಸ ಕಲೆಗಳಾಗಬಹುದೆಂದು ಇಂಥ ಅಧ್ಯಯನಗಳು ತೋರಿಸಿದವು. ಕಿವಿಗೆ ಕೇಳಿಸದ್ದು ಕಣ್ಣಿಗೆ ಕಂಡಿತ್ತು.

ಇದೇ ಜೋಡಿ ಮುಂದೆ ಇಂಟರ್‌ಫೆರಾನ್ ಬೀಟಾ-1ಬಿ ಎಂಬ ಔಷಧದ ಪರೀಕ್ಷೆಯಲ್ಲಿ ದೊಡ್ಡ ಪಾತ್ರ ವಹಿಸಿತು. ಅಮೆರಿಕ ಮತ್ತು ಕೆನಡಾದ 372 ರೋಗಿಗಳು ಅದರಲ್ಲಿ ಪಾಲ್ಗೊಂಡಿದ್ದರು. ಹೆಚ್ಚಿನ ಪ್ರಮಾಣದ ಔಷಧ ಪಡೆದವರಲ್ಲಿ ದಾಳಿಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು. ದಾಳಿಗಳ ಎಣಿಕೆ ರೋಗಿಯ ಹೇಳಿಕೆ ಮತ್ತು ವೈದ್ಯರ ಪರೀಕ್ಷೆಯ ಮೇಲೆ ನಿಂತಿರುತ್ತದೆ. ಚಿತ್ರಗಳು ಏನು ಹೇಳುತ್ತವೆ? ಯಾರಿಗೆ ಔಷಧ, ಯಾರಿಗೆ ಬರಿಯ ನೀರಮದ್ದು ಎಂದು ಗೊತ್ತಿಲ್ಲದಂತೆ ಚಿತ್ರಗಳನ್ನು ಓದಿದರು. ನೀರಮದ್ದು ಪಡೆದವರಲ್ಲಿ ವರ್ಷದಿಂದ ವರ್ಷಕ್ಕೆ ಕಲೆಗಳ ಹರವು ಹೆಚ್ಚುತ್ತಾ ಹೋಗಿತ್ತು. ಹೆಚ್ಚು ಪ್ರಮಾಣದ ಔಷಧ ಪಡೆದವರಲ್ಲಿ ಅದು ಹೆಚ್ಚದೆ ನಿಂತಿತ್ತು. ಎರಡು ಸಾಕ್ಷಿಗಳೂ ಒಂದೇ ಮಾತು ಹೇಳಿದವು. 1993ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಎಂ.ಎಸ್.ನ ನಡೆಯನ್ನೇ ಬದಲಿಸಬಲ್ಲ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು ಅದೇ ಮೊದಲು.

ಜಾಗ ಮತ್ತು ಕಾಲ

ಎಂ.ಎಸ್. ಇದೆ ಎಂದು ಹೇಳಲು ವೈದ್ಯರು ಬಹುಕಾಲ ಎರಡು ಸಂಗತಿಗಳನ್ನು ಸಾಬೀತು ಮಾಡಬೇಕಿತ್ತು. ಒಂದು, ಹಾನಿ ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಆಗಿದೆ. ಎರಡು, ಅದು ಒಂದಕ್ಕಿಂತ ಹೆಚ್ಚು ಸಮಯದಲ್ಲಿ ಆಗಿದೆ. ಮೊದಲೆಲ್ಲ ಇದಕ್ಕೆ ಎರಡನೆಯ ದಾಳಿ ಬರುವವರೆಗೆ ಕಾಯಬೇಕಿತ್ತು. ಕೆಲವರಿಗೆ ಅದು ಆರು ತಿಂಗಳು, ಕೆಲವರಿಗೆ ಆರು ವರ್ಷ. ಕಾಯುವಷ್ಟು ಕಾಲವೂ ಚಿಕಿತ್ಸೆ ಇಲ್ಲ.

ನ್ಯೂಜಿಲೆಂಡ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕೆಲಸ ಮಾಡಿದ ನರರೋಗ ತಜ್ಞ ಇಯಾನ್ ಮೆಕ್‌ಡೊನಾಲ್ಡ್ ನೇತೃತ್ವದ ಅಂತರರಾಷ್ಟ್ರೀಯ ಸಮಿತಿ 2001ರಲ್ಲಿ ಹೊಸ ಮಾನದಂಡಗಳನ್ನು ಕೊಟ್ಟಿತು. ಎರಡನೆಯ ದಾಳಿಗೆ ಕಾಯುವ ಬದಲು ಎಂ.ಆರ್.ಐ.ಯಲ್ಲಿ ಹೊಸ ಕಲೆ ಕಂಡರೂ ಸಾಕು ಎಂದಿತು. ಈ ಮಾನದಂಡಗಳು 2005, 2010 ಮತ್ತು 2017ರಲ್ಲಿ ಪರಿಷ್ಕೃತವಾದವು. ಮತ್ತೊಂದು ಪರಿಷ್ಕರಣೆ 2024ರ ಹೆಸರಿನಲ್ಲಿ ಸಿದ್ಧವಾಗಿ 2025ರಲ್ಲಿ ಪ್ರಕಟವಾಗಿದೆ.

ಒಂದೇ ದಿನ ತೆಗೆದ ಚಿತ್ರದಲ್ಲಿ ಎರಡು ಕಾಲಗಳನ್ನು ಕಾಣುವುದು ಹೇಗೆ ಎಂಬ ಪ್ರಶ್ನೆ ಏಳಬಹುದು. ಅದಕ್ಕೂ ಒಂದು ಉಪಾಯವಿದೆ. ಗ್ಯಾಡೊಲಿನಿಯಂ ಎಂಬ ಲೋಹದ ಸಂಯುಕ್ತವನ್ನು ರಕ್ತನಾಳಕ್ಕೆ ಚುಚ್ಚಿ ಚಿತ್ರ ತೆಗೆಯುತ್ತಾರೆ. ಹೊಸ ಕಲೆಯಲ್ಲಿ ರಕ್ತನಾಳದ ಗೋಡೆ ಸೋರುವುದರಿಂದ ಅದು ಒಳನುಗ್ಗಿ ಹೊಳೆಯುತ್ತದೆ. ಕೆಲವು ವಾರ ಕಳೆದರೆ ಸೋರಿಕೆ ನಿಲ್ಲುತ್ತದೆ, ಹೊಳಪೂ ನಿಲ್ಲುತ್ತದೆ. ಗದ್ದೆಯ ಬದುವಿನ ಮೇಲೆ ಹಸಿ ಹೆಜ್ಜೆಯೂ ಒಣಗಿದ ಹೆಜ್ಜೆಯೂ ಒಟ್ಟಿಗೆ ಕಂಡರೆ ಯಾರೋ ಎರಡು ಸಲ ಓಡಾಡಿದ್ದಾರೆಂದು ರೈತ ಹೇಳುವುದಿಲ್ಲವೇ? ಹಾಗೆಯೇ ಇದು. ಬೆನ್ನುಹುರಿಯ ಸುತ್ತಲಿನ ದ್ರವವನ್ನು ತೆಗೆದು ಅದರಲ್ಲಿರುವ ವಿಶೇಷ ಪ್ರೋಟೀನ್ ಪಟ್ಟೆಗಳನ್ನು ಹುಡುಕುವ ಪರೀಕ್ಷೆಯೂ ನೆರವಿಗೆ ಬರುತ್ತದೆ.

ರಿಂಡ್‌ಫ್ಲೈಶ್ 1863ರಲ್ಲಿ ಕಂಡ ರಕ್ತನಾಳ ಇಲ್ಲಿ ಮರಳಿ ಬರುತ್ತದೆ. ಈಗಿನ ಯಂತ್ರಗಳು ಬದುಕಿರುವ ರೋಗಿಯ ಕಲೆಯ ನಡುವೆಯೇ ಆ ನಾಳವನ್ನು ಸಣ್ಣ ಕಪ್ಪು ಗೆರೆಯಾಗಿ ತೋರಿಸಬಲ್ಲವು. ಮೈಗ್ರೇನ್ ತಲೆನೋವಿನವರಲ್ಲಿ ಕಾಣುವ ಚುಕ್ಕೆಗಳ ನಡುವೆ ಇಂಥ ಗೆರೆ ಸಾಮಾನ್ಯವಾಗಿ ಇರುವುದಿಲ್ಲ. ಹೊಸ ಮಾನದಂಡಗಳಲ್ಲಿ ಈ ಗುರುತಿಗೂ ಜಾಗ ಸಿಕ್ಕಿದೆ.

ಬಿಳಿ ಚುಕ್ಕೆಯೆಲ್ಲ ಎಂ.ಎಸ್. ಅಲ್ಲ

ಎಂ.ಆರ್.ಐ. ಬಂದ ಮೇಲೆ ಒಂದು ಹೊಸ ಅಪಾಯವೂ ಬಂದಿದೆ. ಬಿಳಿ ಚುಕ್ಕೆ ಅನೇಕ ಕಾರಣಗಳಿಂದ ಬರುತ್ತದೆ. ಮೈಗ್ರೇನ್, ರಕ್ತದೊತ್ತಡ, ವಯಸ್ಸು, ಕೆಲವು ಸೋಂಕುಗಳು ಎಲ್ಲವೂ ಚುಕ್ಕೆ ಮೂಡಿಸಬಲ್ಲವು. ಚಿತ್ರವನ್ನಷ್ಟೇ ನೋಡಿದರೆ ಮೋಸ ಹೋಗುವುದು ಸುಲಭ. ಅಮೆರಿಕದ ನರರೋಗ ತಜ್ಞ ಆಂಡ್ರ್ಯೂ ಸಾಲೊಮನ್ ಮತ್ತು ಸಂಗಡಿಗರು 2016ರಲ್ಲಿ, ಎಂ.ಎಸ್. ಎಂದು ತಪ್ಪಾಗಿ ಹೆಸರಿಸಲ್ಪಟ್ಟಿದ್ದ 110 ಮಂದಿಯ ವಿವರ ಪ್ರಕಟಿಸಿದರು. ಅವರಲ್ಲಿ ಶೇಕಡಾ 70 ಮಂದಿ ಎಂ.ಎಸ್. ಔಷಧವನ್ನೂ ಪಡೆದಿದ್ದರು. ಮೂವರಲ್ಲಿ ಒಬ್ಬರು ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತಪ್ಪು ಹೆಸರಿನಡಿ ಬದುಕಿದ್ದರು. ನಿಜವಾಗಿ ಇದ್ದ ಕಾಯಿಲೆಗಳಲ್ಲಿ ಮೈಗ್ರೇನ್ ಮುಂದಿತ್ತು.

ಇಂಥ ತಪ್ಪು ತಡೆಯುವ ಮೊದಲ ಹೆಜ್ಜೆ ಒಂದು ಸಣ್ಣ ಕಾಗದದಲ್ಲಿದೆ. ಸ್ಕ್ಯಾನ್‌ಗೆ ಕಳಿಸುವಾಗ ವೈದ್ಯರು ಬರೆದುಕೊಡುವ ಕೋರಿಕೆ ಚೀಟಿ ಅದು. ಅದರಲ್ಲಿ 'ಮಿದುಳಿನ ಎಂ.ಆರ್.ಐ.' ಎಂದಷ್ಟೇ ಬರೆದಿದ್ದರೆ ರೇಡಿಯಾಲಜಿ ತಜ್ಞರು ಕತ್ತಲಲ್ಲಿ ಹುಡುಕಿದಂತೆ. ರೋಗಿಯ ವಯಸ್ಸು, ಯಾವ ದಿನದಿಂದ ಏನು ತೊಂದರೆ, ಯಾವ ಕಡೆಗೆ, ಹಿಂದೆ ಏನಾಗಿತ್ತು, ಪರೀಕ್ಷೆಯಲ್ಲಿ ಏನು ಕಂಡಿತು, ಯಾವ ಅನುಮಾನವಿದೆ ಎಂದು ನಾಲ್ಕು ಸಾಲು ಬರೆದರೆ ಹುಡುಕಾಟದ ದಿಕ್ಕೇ ಬೇರೆಯಾಗುತ್ತದೆ.

ಉದಾಹರಣೆಗೆ, ಕುತ್ತಿಗೆ ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ಕರೆಂಟು ಹೊಡೆದಂತಾಗುತ್ತದೆ ಎಂದು ರೋಗಿ ಹೇಳುತ್ತಾರೆ ಎಂದಿಟ್ಟುಕೊಳ್ಳಿ. ನರರೋಗ ತಜ್ಞರಿಗೆ ಇದು ಕುತ್ತಿಗೆಯ ಮಟ್ಟದ ಬೆನ್ನುಹುರಿಯ ಕಡೆಗೆ ಬೆರಳು ತೋರಿಸುವ ಲಕ್ಷಣ. ಈ ಮಾತು ಚೀಟಿಯಲ್ಲಿ ಬಂದರೆ ರೇಡಿಯಾಲಜಿ ತಜ್ಞರು ಮಿದುಳಿನ ಜೊತೆಗೆ ಕುತ್ತಿಗೆಯ ಬೆನ್ನುಹುರಿಯನ್ನೂ ಚಿತ್ರಿಸುತ್ತಾರೆ. ಬರದಿದ್ದರೆ ಕಲೆ ಚಿತ್ರದ ಚೌಕಟ್ಟಿನ ಹೊರಗೇ ಉಳಿದುಬಿಡಬಹುದು. ಕಣ್ಣು ಮಂಜಾದ ರೋಗಿಗೆ ಕಣ್ಣುಗುಡ್ಡೆಯ ಹಿಂದಿನ ಕೊಬ್ಬಿನ ಹೊಳಪನ್ನು ಅಡಗಿಸಿ ನರವನ್ನು ಎತ್ತಿ ತೋರಿಸುವ ವಿಶೇಷ ಚಿತ್ರ ಬೇಕು. ಕೇಳದಿದ್ದರೆ ಅದನ್ನು ಯಾರೂ ತೆಗೆಯುವುದಿಲ್ಲ.

ಔಷಧ ಪರೀಕ್ಷೆಯಲ್ಲಿ ಚಿತ್ರ ಓದುವವರಿಗೆ ಏನೂ ಗೊತ್ತಿರಬಾರದು, ಆಸ್ಪತ್ರೆಯಲ್ಲಿ ಎಲ್ಲವೂ ಗೊತ್ತಿರಬೇಕು. ಎರಡಕ್ಕೂ ಕಾರಣ ಒಂದೇ, ಸತ್ಯ ಹೊರಬರಬೇಕು. ಅಲ್ಲಿ ಪಕ್ಷಪಾತ ತಡೆಯಬೇಕು. ಇಲ್ಲಿ ಒಬ್ಬ ರೋಗಿಯ ಪ್ರಶ್ನೆಗೆ ಉತ್ತರ ಸಿಗಬೇಕು.

ನಮ್ಮ ನಾಡಿನಲ್ಲಿ

ಎಂ.ಎಸ್. ಭಾರತದಲ್ಲಿ ಬಹಳ ಅಪರೂಪ ಎಂಬ ನಂಬಿಕೆ ಹಿಂದೆ ಇತ್ತು. ನರರೋಗ ತಜ್ಞರೂ ಎಂ.ಆರ್.ಐ. ಯಂತ್ರಗಳೂ ಹೆಚ್ಚಿದಂತೆ ಹೆಚ್ಚು ಮಂದಿಯಲ್ಲಿ ಇದು ಪತ್ತೆಯಾಗುತ್ತಿದೆ. ಆದರೆ ಇಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಮಿದುಳಿನ ಕ್ಷಯ, ಲಾಡಿಹುಳುವಿನ ಮರಿಗಳು ಮಿದುಳಿನಲ್ಲಿ ಕಟ್ಟುವ ಗಂಟುಗಳು ಇಲ್ಲಿ ಉಂಟು. ಬಿ-12 ಜೀವಸತ್ವದ ಕೊರತೆಯಿಂದಲೂ ಬೆನ್ನುಹುರಿಗೆ ಹಾನಿಯಾಗಿ ಕಾಲು ಜೋಮು ಹಿಡಿಯುತ್ತದೆ. ಹಾಲು-ಮೊಸರನ್ನೂ ಹೆಚ್ಚು ಬಳಸದ ಸಸ್ಯಾಹಾರಿಗಳಲ್ಲಿ ಈ ಕೊರತೆ ಸಾಧ್ಯ. ಅದಕ್ಕೆ ಮದ್ದು ಅಗ್ಗದ ಬಿ-12 ಚುಚ್ಚುಮದ್ದು, ಎಂ.ಎಸ್.ನ ದುಬಾರಿ ಔಷಧವಲ್ಲ.

ಇನ್ನೊಂದು ಕಾಯಿಲೆ ಎಂ.ಎಸ್.ನ ತದ್ರೂಪಿಯಂತೆ ಬರುತ್ತದೆ. ಕಣ್ಣಿನ ನರ ಮತ್ತು ಬೆನ್ನುಹುರಿಯನ್ನು ಮುಖ್ಯವಾಗಿ ಹಿಡಿಯುವ ಇದರ ಹೆಸರು ನ್ಯೂರೋಮೈಲೈಟಿಸ್ ಆಪ್ಟಿಕ. 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವಾಂಡಾ ಲೆನನ್ ಮತ್ತು ಸಂಗಡಿಗರು ಈ ರೋಗಿಗಳ ರಕ್ತದಲ್ಲಿ ಒಂದು ವಿಶಿಷ್ಟ ಪ್ರತಿಕಾಯವನ್ನು ಕಂಡುಹಿಡಿದ ಮೇಲೆ ಎರಡೂ ಬೇರೆ ಎಂಬುದು ಖಚಿತವಾಯಿತು. ಈ ಭೇದ ಪುಸ್ತಕದ ಮಾತಲ್ಲ. ಎಂ.ಎಸ್.ಗೆ ಒಳ್ಳೆಯದಾದ ಇಂಟರ್‌ಫೆರಾನ್ ಈ ಕಾಯಿಲೆಯನ್ನು ಉಲ್ಬಣಗೊಳಿಸಬಹುದು. ಚಿತ್ರದಲ್ಲಿ ಒಂದು ಸುಳಿವಿದೆ. ಎಂ.ಎಸ್.ನಲ್ಲಿ ಬೆನ್ನುಹುರಿಯ ಕಲೆ ಸಾಮಾನ್ಯವಾಗಿ ಚಿಕ್ಕದು. ಇದರಲ್ಲಿ ಮೂರು ಅಥವಾ ಹೆಚ್ಚು ಬೆನ್ನೆಲುಬುಗಳಷ್ಟು ಉದ್ದ. ಉದ್ದದ ಕಲೆ ಕಂಡ ರೇಡಿಯಾಲಜಿ ತಜ್ಞರು ಒಂದು ಫೋನು ಮಾಡಿ ತಿಳಿಸಿದರೆ ನರರೋಗ ತಜ್ಞರು ರಕ್ತ ಪರೀಕ್ಷೆಗೆ ಕಳಿಸುತ್ತಾರೆ. ಮಂಗಳೂರಿನ ನಿಟ್ಟೆ ವಿಶ್ವವಿದ್ಯಾಲಯದ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ನರರೋಗ ತಜ್ಞೆ ಲೇಖಾ ಪಂಡಿತ್ ಮತ್ತು ಅವರ ತಂಡ ಇಂಥ ರೋಗಿಗಳ ದಾಖಲೆ ಇಟ್ಟು, ಈ ಪ್ರತಿಕಾಯದ ಪರೀಕ್ಷೆಯ ಬಗ್ಗೆ ಅಧ್ಯಯನಗಳನ್ನು ಪ್ರಕಟಿಸಿದೆ.

ಅಳತೆಗೋಲು ಬದಲಾಗಬಾರದು

ರೋಗ ಗುರುತಿಸಿದ ಮೇಲೂ ಇಬ್ಬರ ಕೆಲಸ ಮುಗಿಯುವುದಿಲ್ಲ. ಔಷಧ ಹಿಡಿಯುತ್ತಿದೆಯೇ ಎಂದು ತಿಳಿಯಲು ವರ್ಷಕ್ಕೊಮ್ಮೆ ಎಂಬಂತೆ ಚಿತ್ರ ತೆಗೆಸಿ ಹಳೆಯದರೊಡನೆ ಹೋಲಿಸಬೇಕು. ಮಗುವಿನ ಎತ್ತರವನ್ನು ಒಂದು ವರ್ಷ ಚಪ್ಪಲಿ ಹಾಕಿಸಿ, ಇನ್ನೊಂದು ವರ್ಷ ಬರಿಗಾಲಲ್ಲಿ ಅಳೆದರೆ ಬೆಳವಣಿಗೆ ಗೊತ್ತಾಗದು. ಇಲ್ಲಿಯೂ ಹಾಗೆಯೇ. ಒಮ್ಮೆ ದಪ್ಪ ಪದರದ ಚಿತ್ರ, ಇನ್ನೊಮ್ಮೆ ತೆಳು ಪದರದ್ದಾದರೆ ಹಳೆಯ ಕಲೆಯೇ ಹೊಸದೆಂದು ತೋರಬಹುದು. ಸುಮ್ಮನೆ ಔಷಧ ಬದಲಿಸಬೇಕಾಗಬಹುದು. ಯೂರೋಪ್ ಮತ್ತು ಉತ್ತರ ಅಮೆರಿಕದ ತಜ್ಞರು ಸೇರಿ 2021ರಲ್ಲಿ ಕೊಟ್ಟ ಮಾರ್ಗಸೂಚಿ ಇದನ್ನೇ ಒತ್ತಿ ಹೇಳುತ್ತದೆ. ಪದರ 3 ಮಿಲಿಮೀಟರ್ ಮೀರಬಾರದು, ಸಾಧ್ಯವಾದಷ್ಟು ಅದೇ ಯಂತ್ರ, ಅದೇ ವಿಧಾನ ಇರಬೇಕು. ಔಷಧ ಶುರುವಾಗಿ ಮೂರರಿಂದ ಆರು ತಿಂಗಳಲ್ಲಿ ಒಂದು ಹೊಸ ಚಿತ್ರ ತೆಗೆದು ಮುಂದಿನ ಹೋಲಿಕೆಗೆ ಅದನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು.

ಗ್ಯಾಡೊಲಿನಿಯಂ ಬಳಕೆಯಲ್ಲಿಯೂ ಅದು ಮಿತಿ ಹೇಳುತ್ತದೆ. ಕೆಲವು ಬಗೆಯ ಗ್ಯಾಡೊಲಿನಿಯಂ ಸಂಯುಕ್ತಗಳನ್ನು ಪದೇ ಪದೇ ಪಡೆದವರ ಮಿದುಳಿನಲ್ಲಿ ಅದರ ಅಂಶ ಉಳಿಯುವ ಸೂಚನೆಯನ್ನು ಜಪಾನಿನ ತಂಡವೊಂದು 2014ರಲ್ಲಿ ವರದಿ ಮಾಡಿತು. ಅಂದಿನಿಂದ ಎಚ್ಚರ ಹೆಚ್ಚಿದೆ. ರೋಗ ಗುರುತಿಸುವಾಗ ಅದು ಉಪಯುಕ್ತ. ಪ್ರತಿ ವರ್ಷದ ತಪಾಸಣೆಗೆ ಅದು ಬೇಕೇ ಬೇಕೆಂದಿಲ್ಲ. ಬೇಕೋ ಬೇಡವೋ ಎಂಬುದನ್ನು ಇಬ್ಬರೂ ತಜ್ಞರು ಮಾತಾಡಿ ತೀರ್ಮಾನಿಸಬೇಕು.

ರೋಗಿ ಪಡೆಯುತ್ತಿರುವ ಔಷಧದ ಹೆಸರು ರೇಡಿಯಾಲಜಿ ವಿಭಾಗಕ್ಕೆ ಗೊತ್ತಿರಲೇಬೇಕು ಎನ್ನಲು ಒಂದು ಕಹಿ ಪಾಠವಿದೆ. ನಟಾಲಿಜುಮ್ಯಾಬ್ ಎಂಬ ಪ್ರಬಲ ಔಷಧಕ್ಕೆ ಅಮೆರಿಕದಲ್ಲಿ 2004ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವೇ ತಿಂಗಳಲ್ಲಿ, ಅದನ್ನು ಪಡೆದ ಕೆಲವರಿಗೆ ಜೆ.ಸಿ. ವೈರಸ್‌ನಿಂದ ಮಿದುಳಿನ ಮಾರಕ ಸೋಂಕು ಬಂದದ್ದು ಬೆಳಕಿಗೆ ಬಂದು 2005ರ ಫೆಬ್ರವರಿಯಲ್ಲಿ ಮಾರಾಟ ನಿಂತಿತು. ಬಿಗಿ ನಿಗಾ ವ್ಯವಸ್ಥೆಯೊಡನೆ 2006ರಲ್ಲಿ ಅದು ಮರಳಿತು. ಆ ನಿಗಾದ ದೊಡ್ಡ ಪಾಲು ಎಂ.ಆರ್.ಐ.ಯದು. ಸೋಂಕಿನ ಕಲೆಯೂ ಬಿಳಿ, ಎಂ.ಎಸ್. ಕಲೆಯೂ ಬಿಳಿ. ಔಷಧದ ಹೆಸರು ಗೊತ್ತಿರುವ ರೇಡಿಯಾಲಜಿ ತಜ್ಞರು ಅನುಮಾನದ ಕಣ್ಣಿನಿಂದ ನೋಡಿ ಬೇಗ ಹಿಡಿಯಬಲ್ಲರು. ಲಕ್ಷಣ ತೋರುವ ಮೊದಲೇ ಸೋಂಕು ಪತ್ತೆಯಾದವರು ಬದುಕುಳಿಯುವ ಸಾಧ್ಯತೆ ಹೆಚ್ಚು.

ಈ ಕಾರಣಗಳಿಂದಲೇ ದೊಡ್ಡ ಆಸ್ಪತ್ರೆಗಳಲ್ಲಿ ಎರಡೂ ವಿಭಾಗದವರು ನಿಯತವಾಗಿ ಸೇರಿ ಕಷ್ಟದ ಪ್ರಕರಣಗಳನ್ನು ಪರದೆಯ ಮೇಲೆ ಹಾಕಿ ಚರ್ಚಿಸುವ ರೂಢಿ ಇದೆ. ಒಬ್ಬರು ರೋಗಿಯ ಕಥೆ ಹೇಳುತ್ತಾರೆ, ಇನ್ನೊಬ್ಬರು ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತಾರೆ. 'ಈ ಚುಕ್ಕೆ ಆ ತೊಂದರೆಗೆ ಕಾರಣವೇ?' ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಕಿರಿಯ ವೈದ್ಯರು ಅದನ್ನು ಕೇಳುತ್ತಾ ಕಲಿಯುತ್ತಾರೆ. ಇಂಥ ಸಭೆಗೆ ದುಬಾರಿ ಯಂತ್ರ ಬೇಕಿಲ್ಲ, ಬಿಡುವು ಮಾಡಿಕೊಳ್ಳುವ ಮನಸ್ಸು ಬೇಕು.

ಮನೆಯವರ ಪಾಲು

ಈ ಜೊತೆಗಾರಿಕೆಯಲ್ಲಿ ರೋಗಿಗೂ ಮನೆಯವರಿಗೂ ಪಾಲಿದೆ. ಹಳೆಯ ಫಿಲ್ಮು, ಸಿ.ಡಿ., ವರದಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿಟ್ಟು ಪ್ರತಿ ಸ್ಕ್ಯಾನಿಗೂ ಒಯ್ಯಬೇಕು. ಹೋಲಿಸಲು ಹಳೆಯದಿಲ್ಲದಿದ್ದರೆ ಹೊಸ ಚಿತ್ರದ ಬೆಲೆ ಅರ್ಧ ಕಡಿಮೆ. ತೊಂದರೆ ಯಾವ ದಿನ ಶುರುವಾಯಿತು, ಯಾವ ಕಡೆ, ಎಷ್ಟು ದಿನ ಇತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಒಳ್ಳೆಯದು. ಕನಿಷ್ಠ 24 ಗಂಟೆ ಉಳಿದ ತೊಂದರೆಯನ್ನೇ ವೈದ್ಯರು ದಾಳಿ ಎಂದು ಪರಿಗಣಿಸುತ್ತಾರೆ. ಆದ್ದರಿಂದ ಅವಧಿ ಮುಖ್ಯ. ಮೈಯಲ್ಲಿ ಪೇಸ್‌ಮೇಕರ್ ಅಥವಾ ಲೋಹದ ತುಣುಕು ಇದ್ದರೆ, ಮೂತ್ರಪಿಂಡದ ಕಾಯಿಲೆ ಇದ್ದರೆ, ಗರ್ಭಿಣಿಯಾಗಿದ್ದರೆ ಸ್ಕ್ಯಾನ್ ಕೋಣೆಯವರಿಗೆ ಮೊದಲೇ ಹೇಳಬೇಕು. ವರದಿಯಲ್ಲಿ 'ಡಿಮೈಲಿನೇಷನ್' ಎಂಬ ಪದ ಕಂಡ ಮಾತ್ರಕ್ಕೆ ಎದೆಗುಂದಬಾರದು. ಅದು ಚಿತ್ರ ಓದಿದವರ ಅಭಿಪ್ರಾಯ. ರೋಗಿಯನ್ನು ಪರೀಕ್ಷಿಸಿದವರು ಅದನ್ನು ತೂಗಿ ನೋಡುವುದು ಇನ್ನೂ ಬಾಕಿ ಇರುತ್ತದೆ.

ಮಕ್ಕಳು ಒಂದು ಕಣ್ಣು ಮಂಜಾಗಿದೆ, ಕಾಲು ಜೋಮು ಹೋಗುತ್ತಿಲ್ಲ ಎಂದರೆ ಓದಲು ಹಾಕುವ ನೆಪವೆಂದು ತಂದೆತಾಯಿ ತಳ್ಳಿಹಾಕಬಾರದು. ಹೆಚ್ಚಿನ ಸಲ ಅದಕ್ಕೆ ಸಣ್ಣ ಕಾರಣವೇ ಇರುತ್ತದೆ. ಆದರೆ ದಿನಗಟ್ಟಲೆ ಉಳಿದರೆ ವೈದ್ಯರಿಗೆ ತೋರಿಸಬೇಕು. ಎಂ.ಎಸ್. ಇದೆಯೆಂದೇ ಗೊತ್ತಾದರೂ ಓದು ನಿಲ್ಲಿಸಬೇಕಾಗಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಇದೂ ಸೇರಿದೆ. 1993ರಲ್ಲಿ ಒಂದೇ ಔಷಧ ಇತ್ತು, ಇಂದು ಹತ್ತಕ್ಕೂ ಹೆಚ್ಚು ಇವೆ. ಬೇಗ ಶುರುಮಾಡಿದಷ್ಟೂ ಅವುಗಳಿಂದ ಲಾಭ ಹೆಚ್ಚು.

ವೈದ್ಯರಾಗಬೇಕೆಂದಿರುವ ವಿದ್ಯಾರ್ಥಿಗಳು ಹ್ಯಾಮರ್‌ಸ್ಮಿತ್‌ನ ಆ ಲೇಖಕರ ಪಟ್ಟಿಯನ್ನು ನೆನಪಿಡಬೇಕು. ಭೌತಶಾಸ್ತ್ರ ಬಲ್ಲವರು, ಚಿತ್ರ ಓದುವವರು, ರೋಗಿಯ ಮಾತು ಕೇಳುವವರು ಒಂದೇ ಮೇಜಿನ ಸುತ್ತ ಕುಳಿತಾಗ ಉಳಿದ 112 ಕಲೆಗಳು ಕಂಡವು. ಕಲಿಯುವಾಗ ವಿಷಯಗಳನ್ನು ಬೇರೆಬೇರೆ ಪುಸ್ತಕಗಳಲ್ಲಿ ಓದಬೇಕಾಗುತ್ತದೆ. ಕೆಲಸಕ್ಕೆ ಇಳಿದಾಗ ಅವು ಒಂದೇ ರೋಗಿಯ ಹಾಸಿಗೆಯ ಬಳಿ ಬಂದು ಸೇರುತ್ತವೆ.